ಹಲ್ಲಿನಲ್ಲಿ ಬಿಗಿದ ಗಂಟು

ಕೊಳ್ಳೇಗಾಲ
ಎಳ್ಳಮಾವಾಸ್ಯೆಯ ಹಿಂದಿನ ದಿನ, ಭಾನುವಾರ ಮಧ್ಯಾಹ್ನ

ಅಕ್ಕಾ,

“ಬೆಟ್ಟ ಹತ್ತಿ ನಿಂತೋಳ್ಗೆ ಹುಟ್ಟಿದ್ಮನೆ ಅಂಗೈಯಗಲ…” ಯಳಂದೂರಿನ ಮನೆಯಲ್ಲಿ ನೀನು ರಾಗಿ ಬೀಸುತ್ತಾ ಹೇಳುತ್ತಿದ್ದ ಹಾಡಿನ ಸಾಲು. ಮುಂದಿನದು ಎಷ್ಟು ತಡಕಿದರೂ ಸಿಗುತ್ತಿಲ್ಲ. ಬೀಸುಕಲ್ಲಿನ ಸದ್ದು ನೆನಪಿದೆ, ನಿನ್ನ ಬಳೆಯ ಸದ್ದು ನೆನಪಿದೆ, ನಿನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ನನ್ನ ಕೆನ್ನೆಗೆ ಹಿಟ್ಟು ಹಾರಿ ಬೀಳುತ್ತಿದ್ದುದೂ ನೆನಪಿದೆ. ಸಾಲು ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ. ಸಿಕ್ಕಿರುವ ಈ ಅರ್ಧವಾದರೂ ನಿಜವೇ ಎಂದು ಒಂದು ತಿಂಗಳಿನಿಂದ ಯೋಚಿಸುತ್ತಿದ್ದೇನೆ. ಬೆಟ್ಟ ಹತ್ತಿ ನಿಂತವಳಿಗೆ ಮನೆ ಅಂಗೈಯಷ್ಟಾದರೂ ಕಾಣುತ್ತದೆಯೇ? ನನಗೆ ಕಾಣಲಿಲ್ಲ. ದೂರವಿತ್ತು, ಮಬ್ಬು ಕವಿದಿತ್ತು ಎಂದು ಹೇಳಬಹುದು. ಆದರೆ ನಾನು ಆ ದಿಕ್ಕಿಗೆ ಸರಿಯಾಗಿ ನೋಡಲೇ ಇಲ್ಲ, ಅಕ್ಕ.

ಊಟವಾಗಿ ನೀನು ನಡುಮನೆಯ ಮಂಚದ ಮೇಲೆ ಬಲಮಗ್ಗುಲಾಗಿ ಮಲಗಿದ್ದೀಯ. ನಾನು ಕೋಣೆಯಲ್ಲಿ ಬಾಗಿಲು ಓರೆ ಮಾಡಿಕೊಂಡು ಕೂತಿದ್ದೇನೆ. ನೀನು ಉಸಿರೆಳೆದುಕೊಳ್ಳುವುದು ನನಗೆ ಕೇಳುತ್ತದೆ. ಇಷ್ಟು ಹತ್ತಿರ ಇರುವವಳಿಗೆ ಕಾಗದ ಬರೆಯುವುದು ವಿಚಿತ್ರ. ಆದರೆ ಈ ಪಾಠ ನೀನೇ ಕಲಿಸಿದ್ದು. ಅವ್ವ ತೀರಿಕೊಂಡ ಮೇಲೆ, ನಾನು ಏನಾದರೂ ತಪ್ಪು ಮಾಡಿ ಮೂಲೆಗೆ ನಿಂತರೆ ನೀನು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸ್ಲೇಟು ತಂದು ಕೈಗೆ ಕೊಡುತ್ತಿದ್ದೆ. “ಬಾಯಲ್ಲಿ ಹೇಳುದ್ರೆ ಅಳು ಬತ್ತದೆ, ಅರ್ಧ ನುಂಗ್ಬುಡ್ತೀಯ. ಬರಿ ಕಣೆ ನೀಲಿ. ಬರ್ದದ್ದು ಅಳಾಕಿಲ್ಲ” ಎನ್ನುತ್ತಿದ್ದೆ. ನಾನು ಬರೆದು, ಸ್ಲೇಟನ್ನು ನಿನ್ನ ಮುಂದೆ ಬೋರಲು ಹಾಕಿ, ಓಡಿಹೋಗಿ ಬೇಲಿಯ ಹಿಂದೆ ಕೂರುತ್ತಿದ್ದೆ. ನೀನು ಓದಿ, ಅಳಿಸಿ, ಊಟಕ್ಕೆ ಕರೆಯುತ್ತಿದ್ದೆ. ಅಷ್ಟೇ. ಆ ಅಕ್ಷರಗಳನ್ನೂ ನೀನೇ ಕಲಿಸಿದ್ದು. ಅವೇ ಅಕ್ಷರ ಹಿಡಿದುಕೊಂಡು ಮೈಸೂರಿಗೆ ಹೋಗಿ ಎಂ.ಎ. ಮಾಡಿದೆ, ಊರಿನವರು ಬಂದು ನೋಡಿಹೋಗುವಂಥವಳಾದೆ, ಇಲ್ಲಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ಸಾದೆ. ಇವತ್ತು ಮತ್ತೆ ಸ್ಲೇಟಿನ ಮುಂದೆ ಕೂತಿದ್ದೇನೆ.

ನಾಳೆ ಅಮಾವಾಸ್ಯೆ. ನಾಳೆ ಒಬ್ಬರು ನಮ್ಮ ಮನೆಗೆ ಬರುತ್ತಾರೆ. ಅವರು ಹೊಸಿಲಲ್ಲಿ ನಿಂತು ಆಡುವ ಮೊದಲ ಮಾತಿನಲ್ಲೇ ನಿನಗೆ ಒಂದು ಸಂಗತಿ ತಿಳಿದುಹೋಗುತ್ತದೆ. ಅದು ಅವರ ಬಾಯಿಂದ ತಿಳಿಯುವ ಮುಂಚೆ ನನ್ನ ಕೈಯಿಂದ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಳೆದ ಅಮಾವಾಸ್ಯೆಯ ದಿನ ನಾನು ಹನೂರಿಗೆ ಮೀಟಿಂಗಿಗೆ ಹೋಗಿದ್ದೆನಲ್ಲ, ಆ ಮೀಟಿಂಗು ನಡೆಯಲೇ ಇಲ್ಲ. ಇದು ನಿನಗೆ ಆಗಲೇ ಗೊತ್ತು ಎಂದು ನನಗೂ ಈಗ ಗೊತ್ತು. ಆದರೂ ಮೊದಲಿನಿಂದ ಹೇಳುತ್ತೇನೆ.

ಆವತ್ತು ಹೋಗುವಾಗ ಬಸ್ಸು ತುಂಬಾ ಮಾದಪ್ಪನ ಪರಸೆಯವರು. ಮೇಲಿನವರೆಗೂ ಗಂಟುಮೂಟೆ, ಕೋಳಿ ಕೂಗು, ವಿಭೂತಿಯ ವಾಸನೆ. ಕಿಟಕಿ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಜಾಗ ಮಾಡಿಕೊಟ್ಟರು. ನನಗಿಂತ ಐದಾರು ವರ್ಷ ಚಿಕ್ಕವರು. ಕುಪ್ಪಸದ ತೋಳಿಗೆ ರೇಷ್ಮೆಯ ಎಳೆಯೊಂದು ಅಂಟಿಕೊಂಡಿತ್ತು. ಹೆಸರು ಸೋಮಮ್ಮ, ನಮ್ಮ ಊರಿನ ದೇವಾಂಗರ ಬೀದಿಯವರು. ಗಂಡ, ಮೈದುನ, ಮಾವ ಎಲ್ಲರೂ ಮಗ್ಗದ ಗುಂಡಿಯಲ್ಲಿ ಕೂರುವವರು. ಇವರು ಬೆಳಗಿನಿಂದ ಲಾಳಿಗೆ ಕಂಡಿಕೆ, ಅಂದರೆ ನೂಲಿನ ಸುರುಳಿ, ಸುತ್ತುವವರು. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ ಎಂಬುದು ನಿನಗೂ ಗೊತ್ತು. ಆ ಬೀದಿಯಲ್ಲಿ ಹಾದುಹೋದರೆ ಅಂದು ಕಿವಿ ಕಿವುಡಾದ ಹಾಗೆ ಇರುತ್ತದೆ. “ತಿಂಗ್ಳಿಗೊಂದ್ ದಿನ ಮಗ್ಗಕ್ಕೂ ಬುಡುವು, ನಂಗೂ ಬುಡುವು. ತಾಳಬೆಟ್ಟದ ಬುಡುದಲ್ಲಿ ಕಾಯಿ ಒಡ್ದು ಬತ್ತೀನಿ ಅಂತ ಏಳಿ ಒಂಟ್ಬುಡ್ತೀನಿ” ಎಂದರು. ಹರಕೆಯೇ ಎಂದು ಕೇಳಿದೆ. “ಅರಕೆನೂ ಇಲ್ಲ ಕುರುಕೆನೂ ಇಲ್ಲ. ಮಾದಪ್ಪನ ಎಸ್ರು ಏಳುದ್ರೆ ನಮ್ಮತ್ತೆ ಅಡ್ಡ ಬರಾಕಿಲ್ಲ” ಎಂದು ನಕ್ಕರು. ಆ ನಗು ನೋಡಿ ನಾನೂ ನಕ್ಕೆ. ಪಕ್ಕದ ಸೀಟಿನವರು ನಮ್ಮಿಬ್ಬರನ್ನೂ ತಿರುಗಿ ನೋಡಿದರು.

ಹನೂರಿನಲ್ಲಿ ಇಳಿದು ಶಾಲೆಗೆ ಹೋದರೆ ಬಾಗಿಲಿಗೆ ಬೀಗ. ಜವಾನ ಜವರಯ್ಯ ಜಗಲಿ ಗುಡಿಸುತ್ತಿದ್ದವರು ಪೊರಕೆ ಕಂಕುಳಿಗೆ ಇಟ್ಟುಕೊಂಡು, “ಇನ್ಸ್‌ಪೆಟ್ರು ಕೊಯಮತ್ತೂರಿಂದ ಒಂಟೇ ಇಲ್ವಂತೆ ಅಮ್ಮಾರೆ. ಮುಂದುಕ್ಕೆ ಆಕವ್ರಂತೆ” ಎಂದರು. ನಮ್ಮ ತಾಲೂಕನ್ನು ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿ ಮೈಸೂರಿಗೆ ಸೇರಿಸುತ್ತಾರೆ ಎಂಬ ಸುದ್ದಿ ಹಬ್ಬಿದಾಗಿನಿಂದ ಆ ಕಚೇರಿಯವರಿಗೆ ನಮ್ಮ ಶಾಲೆಗಳ ಮೇಲೆ ಅಷ್ಟಕ್ಕಷ್ಟೆ. ಹಿಂತಿರುಗಿ ಬಸ್ಸು ನಿಲ್ಲುವ ಕಡೆಗೆ ಬಂದೆ. ಕೊಳ್ಳೇಗಾಲದ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಹತ್ತಿದ್ದರೆ ನಿನ್ನ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದೆ. ಇದನ್ನು ನೆನಪಿಟ್ಟುಕೋ, ಅಕ್ಕ. ಬಸ್ಸು ಇರಲಿಲ್ಲ ಎಂದು ನಾನು ಸುಳ್ಳು ಹೇಳುವಂತಿಲ್ಲ.

ಹುಣಸೆಮರದ ಕೆಳಗೆ ಸೋಮಮ್ಮ ಕೂತು ಕಡ್ಲೆಪುರಿ ತಿನ್ನುತ್ತಿದ್ದರು. “ಏನ್ ಮೇಡಮ್ಮೋರೆ, ಇಷ್ಟ್ ಬಿರ‍್ನೆ ಮೀಟಿಂಗ್ ಮುಗೀತಾ? ನಮ್ಮ ಬೀದಿ ಪಂಚಾತಿ ಇಂಗ್ ಮುಗುದ್ರೆ ಏಸ್ ಸಂದಾಗಿರದು” ಎಂದರು. ಬಸ್ಸಿನಲ್ಲಿ ಉಸಿರು ಕಟ್ಟಿತು, ಇಲ್ಲೇ ಇಳಿದುಬಿಟ್ಟೆ ಎಂದರು. ಆಮೇಲೆ ಲೊಕ್ಕನಹಳ್ಳಿಯ ಕಡೆಗೆ ಗಲ್ಲ ಎತ್ತಿ ತೋರಿಸಿದರು. ಅಲ್ಲೊಂದು ಗುಡ್ಡ. ಉಡಗಲ್ಲು ಎನ್ನುತ್ತಾರಂತೆ. ನಿಜಕ್ಕೂ ಉಡವೊಂದು ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿದ ಹಾಗೆ ಇದೆ. “ಬಸ್ಸಲ್ಲಿ ಓಗ್ತಾ ಬತ್ತಾ ಏಸೋ ಅಮಾಸೆಯಿಂದ ಅದ್ನೇ ನೋಡ್ತಾ ಇವ್ನಿ. ಒಬ್ಳೇ ಅತ್ತಕ್ಕೆ ಅದ್ರಿಕೆ. ಬತ್ತೀರಾ?”

ಬರುತ್ತೇನೆ ಎಂದೆ. ಯೋಚಿಸಿ ಹೇಳಲಿಲ್ಲ. ಬಾಯಿ ಹೇಳಿಯಾದ ಮೇಲೆ ಮನಸ್ಸಿಗೆ ತಿಳಿಯಿತು. ಆಚೆ ಕಂಡಕ್ಟರು ಕೊಳ್ಳೇಗಾಲ ಕೊಳ್ಳೇಗಾಲ ಎಂದು ಕೂಗುತ್ತಿದ್ದ.

ನೀನು ನನ್ನನ್ನು ಏನೇನು ಕೇಳಿದ್ದೀಯ ಎಂದು ಆಮೇಲೆ ನೆನಪು ಮಾಡಿಕೊಂಡೆ. ಹೆಚ್ಚೇನೂ ಇಲ್ಲ. ಎಡಗೈ ಎಡಗಾಲು ನಿನ್ನ ಮಾತು ಕೇಳುವುದನ್ನು ಬಿಟ್ಟ ಮೇಲೆ, ಒಂದು ಸಲ ಗಾಡಿ ಮಾಡಿಸಿ ಹೊಳೆಯಾಚೆ ಯಳಂದೂರಿಗೆ ಕರೆದುಕೊಂಡು ಹೋಗು, ಬಿಳಿಗಿರಿ ಬೆಟ್ಟ ಹತ್ತಿರದಿಂದ ನೋಡುತ್ತೇನೆ, ಗಾಡಿಯಲ್ಲೇ ಕೂತು ನೋಡುತ್ತೇನೆ, ಇಳಿಯುವುದಿಲ್ಲ ಎಂದು ನೀನು ಕೇಳಿದೆ. ರಜ ಬರಲಿ ಎಂದೆ ನಾನು. ರಜ ಬಂತು, ಪರೀಕ್ಷೆಯ ಪತ್ರಿಕೆಗಳಿದ್ದವು. ಮತ್ತೆ ರಜ ಬಂತು, ಬಿಸಿಲು ಹೆಚ್ಚು ಎಂದೆ. ಪ್ರತಿಸಲವೂ ನನ್ನ ಕಾರಣ ನಿಜವಾಗಿಯೇ ಇರುತ್ತಿತ್ತು. ಆಮೇಲೆ ನೀನು ಕೇಳುವುದನ್ನು ಬಿಟ್ಟೆ. ನಿನಗೆ ಕೊಡಲು ನನ್ನ ಹತ್ತಿರ ಒಂದು ದಿನ ಇರಲಿಲ್ಲ. ಹೆಸರು ತಿಳಿದು ಇನ್ನೂ ಅರ್ಧ ದಿನವಾಗದ ಒಬ್ಬರಿಗೆ, ಕಡ್ಲೆಪುರಿ ಅಗಿಯುವಷ್ಟು ಹೊತ್ತಿನಲ್ಲಿ ಕೊಟ್ಟುಬಿಟ್ಟೆ.

ಹಾದಿ ಎಂದರೆ ಆಡುಗಳು ಮಾಡಿದ ಹಾದಿ. ಬತ್ತಿದ ಹಳ್ಳದ ಮರಳಿನಲ್ಲಿ ಸ್ವಲ್ಪ ದೂರ, ಆಮೇಲೆ ಜಾಲಿ, ಆಮೇಲೆ ಎದೆ ಎತ್ತರದ ಹುಲ್ಲು. ನಾನು ಕೊಡೆಯನ್ನೇ ಊರಿಕೊಂಡು ಹತ್ತಿದೆ. ಚಪ್ಪಲಿ ಜಾರುತ್ತಿತ್ತು, ಕಳಚಿ ಚೀಲಕ್ಕೆ ಹಾಕಿಕೊಂಡೆ. ನಡುದಾರಿಯಲ್ಲಿ ಸೋಲಿಗರ ಒಬ್ಬ ಅಜ್ಜಿ ನೆಲ್ಲಿಕಾಯಿ ಆಯುತ್ತಿದ್ದರು. ಕೇತಮ್ಮ ಎಂದು ಹೆಸರು. ನಮ್ಮಿಬ್ಬರನ್ನು ನೋಡಿ, ಸೊಂಟಕ್ಕೆ ಕೈಯಿಟ್ಟುಕೊಂಡು, “ಏನ್ ಕಳಕಂಡ್ರವ್ವಾ ಗುಡ್ಡದ್ ಮ್ಯಾಲೆ?” ಎಂದು ಕೇಳಿದರು. “ವಯಸ್ಸು ಕಣಜ್ಜಿ. ಎಲ್ಲಾದ್ರೂ ಬಿದ್ದಿರದ ಕಂಡ್ರಾ?” ಎಂದರು ಸೋಮಮ್ಮ. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, “ನಂದೂ ಅಲ್ಲೇ ಎಲ್ಲೋ ಬಿದ್ದೋಯ್ತು. ಸಿಕ್ಕುದ್ರೆ ಎಲ್ಡನ್ನೂ ತಕಂಬನ್ನಿ” ಎಂದು ನಮ್ಮ ಸೆರಗಿಗೆ ನೆಲ್ಲಿಕಾಯಿ ಸುರಿದರು. ನಾನು ನಿಂತಲ್ಲೇ ಬಾಗಿ ಬಾಗಿ ನಕ್ಕೆ. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ ತಿಳಿಯದು. ಈ ನಗುವನ್ನು ನಿನ್ನಿಂದ ಬಚ್ಚಿಡಬಾರದು ಎಂದೇ ಇದನ್ನೂ ಬರೆಯುತ್ತಿದ್ದೇನೆ. ತಪ್ಪನ್ನು ಮಾತ್ರ ಹೇಳಿ, ಆ ದಿನ ನಾನು ಎಷ್ಟು ಸಂತೋಷವಾಗಿದ್ದೆ ಎಂಬುದನ್ನು ಬಿಟ್ಟರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಮೇಲೆ ಒಂದು ದೊಡ್ಡ ಬಂಡೆ, ಅದರ ನಡುವೆ ಮಳೆನೀರು ನಿಂತ ಗುಳಿ. ಸೋಮಮ್ಮ ಬಂಡೆಯ ಮೇಲೆ ಅಂಗಾತ ಮಲಗಿ ಬೆನ್ನು ಚಾಚಿದರು. “ಕಂಡಿಕೆ ಸುತ್ತೋ ಬೆನ್ನು. ಚಪ್ಪಟೆ ಆಗ್ಬೇಕು ಅಂದ್ರೆ ಇಂತ ಬಂಡೆನೇ ಬೇಕು” ಎಂದರು. ತಾಳಬೆಟ್ಟಕ್ಕೆಂದು ತಂದಿದ್ದ ಕಾಯನ್ನು ಅಲ್ಲೇ ಒಡೆದು, ಮಾದಪ್ಪನ ಬೆಟ್ಟಗಳ ಕಡೆಗೆ ಕೈಮುಗಿದು, “ಅಲ್ಲಿಂದ ಕಾಣ್ತದೆ ಅವ್ನ್ಗೆ” ಎಂದರು. ಪಶ್ಚಿಮಕ್ಕೆ ಬಿಳಿಗಿರಿ ಸಾಲು ಮಬ್ಬಾಗಿ ಕಾಣುತ್ತಿತ್ತು. ಆ ಬೆಟ್ಟಗಳಾಚೆ ಯಳಂದೂರು, ಅದಕ್ಕೆ ಈಚೆ ನಮ್ಮ ಕೊಳ್ಳೇಗಾಲ, ಅಲ್ಲಿ ನೀನು. ನಾನು ಹನೂರಿನ ಕೆರೆ ನೋಡಿದೆ, ಬಂಡಳ್ಳಿಯ ಕಡೆಯ ಹೊಲಗಳನ್ನು ನೋಡಿದೆ, ಮೋಡದ ನೆರಳು ಹೊಲ ದಾಟಿ ಹೋಗುವುದನ್ನು ನೋಡಿದೆ. ಕಾಲೇಜಿನಲ್ಲಿ ಬಾಯಿಪಾಠವಾಗಿದ್ದ ಪದ್ಯಗಳು ತಾವಾಗಿಯೇ ಬಾಯಿಗೆ ಬಂದವು, ಗಟ್ಟಿಯಾಗಿ ಹೇಳಿದೆ. ಸೋಮಮ್ಮ ಕಣ್ಣು ಮುಚ್ಚಿಕೊಂಡೇ, “ಅರ್ತ ಆಗ್ನಿಲ್ಲ, ಆದ್ರೂ ಏಳಿ, ಸಂದಾಗದೆ” ಎಂದರು.

ಇನ್ನು ಬರೆಯುವುದು ಕಷ್ಟ. ಒಂದು ಲೋಟ ನೀರು ಕುಡಿದು ಬಂದು ಕೂತಿದ್ದೇನೆ. ನೀನು ನಿದ್ದೆಯಲ್ಲಿ ಬಲಗೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡಿದ್ದೀಯ.

ಹಸಿವಾಯಿತು. ಬುತ್ತಿ ತೆಗೆದೆವು. ನನ್ನ ಬುತ್ತಿಯನ್ನು ಆವತ್ತು ಬೆಳಿಗ್ಗೆ ಕಟ್ಟಿದವಳು ನೀನು. ನಾನು ಕಟ್ಟಿಕೊಳ್ಳುತ್ತೇನೆ ಎಂದರೂ ಬಿಡದೆ, ಬಟ್ಟೆಯ ಒಂದು ತುದಿಯನ್ನು ಬಲಗೈಯಲ್ಲಿ ಹಿಡಿದು ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿಯುತ್ತೀಯಲ್ಲ, ಅದೇ ಗಂಟು. ಈ ಊರಿನಲ್ಲಿ ಆ ಗಂಟು ಹಾಕುವವರು ಇನ್ನೊಬ್ಬರಿಲ್ಲ. ಬಟ್ಟೆಯ ತುದಿಯಲ್ಲಿ ನಿನ್ನ ಎಲೆಯಡಿಕೆಯ ಕೆಂಪು ಹತ್ತಿತ್ತು. ಎಷ್ಟು ಬಿಗಿಯಾಗಿತ್ತೆಂದರೆ ನನಗೆ ಬಿಚ್ಚಲು ಬರಲಿಲ್ಲ. ಸೋಮಮ್ಮ ನೂಲಿನ ಸಿಕ್ಕು ಬಿಡಿಸುವ ಬೆರಳಿನವರು, ಇಸಿದುಕೊಂಡು ಸಲೀಸಾಗಿ ಬಿಚ್ಚಿದರು. “ಯಾರು ಕಟ್ಟಿದ್ದು ಇದ್ನ? ಎತ್ತಿನ ಗಾಡಿಗೆ ಕಟ್ದಂಗೆ ಕಟ್ಟವ್ರೆ. ಮನೇಲಿ ಯಾರ್ ಯಾರವ್ರೆ?” ಎಂದು ಕೇಳಿದರು.

“ನಾನೇ ಕಟ್ಟಿಕೊಂಡದ್ದು. ಮನೆಯಲ್ಲಿ ಯಾರೂ ಇಲ್ಲ, ಒಬ್ಬಳೇ” ಎಂದೆ.

ಇದೇ ಅಕ್ಕ, ನಾಳೆ ನಿನಗೆ ತಿಳಿಯುವುದು ಇದೇ.

ಯಾಕೆ ಹಾಗೆ ಹೇಳಿದೆ? ಈ ತಿಂಗಳೆಲ್ಲ ಅದನ್ನೇ ಕೇಳಿಕೊಂಡಿದ್ದೇನೆ. ನೀನು ಹಾಸಿಗೆ ಹಿಡಿದವಳು ಎಂಬ ನಾಚಿಕೆಯಿಂದಲ್ಲ, ಅದನ್ನು ನಂಬು. ನೀನು ಇದ್ದೀಯ ಎಂದರೆ ಅವರು ನಿನಗೇನಾಗಿದೆ ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಯಾರು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದರು. ಆಗ ನಾನು ಒಳ್ಳೆಯವಳಾಗಿ, ತ್ಯಾಗ ಮಾಡಿದವಳಾಗಿ ಆ ಬಂಡೆಯ ಮೇಲೆ ಕೂರಬೇಕಾಗಿತ್ತು. ಅದು ಬೇಡವಾಗಿತ್ತು. ಸ್ವಲ್ಪ ಹೊತ್ತು ಯಾರಿಗೂ ಏನೂ ಆಗದವಳಾಗಿ ಇರಬೇಕಾಗಿತ್ತು. ಇದು ಕಾರಣ. ಕಾರಣ ತಿಳಿದ ಮಾತ್ರಕ್ಕೆ ನಾಚಿಕೆ ಕಡಿಮೆಯಾಗಲಿಲ್ಲ. ಯಾರೂ ಇಲ್ಲ ಎಂದವಳ ತೊಡೆಯ ಮೇಲೆ ನಿನ್ನ ಹಲ್ಲಿನ ಗುರುತಿನ ಬಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ನಾನು ಅದನ್ನು ಮಡಿಸಿ, ತುದಿ ಒಳಗೆ ಸೇರಿಸಿ, ಅವರಿಗೆ ಕಾಣದ ಹಾಗೆ ಚೀಲಕ್ಕೆ ಹಾಕಿದೆ.

ಸೋಮಮ್ಮನ ಮುಖ ಸಣ್ಣದಾಯಿತು. “ಅಯ್ಯೋ, ಒಬ್ರೇನಾ. ಜರ ಬಂದ್ರೆ ನೀರ್ ಕೊಡಾಕೂ ಯಾರೂ ಇಲ್ವಾ?” ಎಂದರು. ತಮ್ಮ ರಾಗಿರೊಟ್ಟಿಯಲ್ಲಿ ದೊಡ್ಡ ತುಂಡು ಮುರಿದು ಹುಚ್ಚೆಳ್ಳು ಚಟ್ನಿ ಇಟ್ಟು ಕೊಟ್ಟರು. ಒಡೆದ ಕಾಯಿಯ ಒಂದು ಹೋಳನ್ನೂ ಕೊಟ್ಟರು. ಅನಾಥಳಿಗೆ ಕೊಟ್ಟ ರೊಟ್ಟಿ ಅದು. ತಿಂದೆ. ರುಚಿಯಾಗಿಯೂ ಇತ್ತು. “ಮುಂದಿನ ಅಮಾಸೆಗೆ ಎಲ್ಗೂ ಓಗಾಕಿಲ್ಲ, ನಿಮ್ಮನೆಗೇ ಬತ್ತೀನಿ. ಎಳ್ಳಮಾಸೆ, ಕಡುಬು ಮಾಡ್ಕಂಡು ತತ್ತೀನಿ. ಒಬ್ರೇ ಕುಂತು ಉಣ್ಬಾರ್ದು” ಎಂದರು. ನನ್ನ ಮನೆ ಎಲ್ಲಿ ಎಂದು ಕೇಳಿ, ಬೀದಿ, ತಿರುವು, ಬಾಗಿಲ ಮುಂದಿನ ಪಾರಿಜಾತ ಎಲ್ಲವನ್ನೂ ಗುರುತು ಹಾಕಿಕೊಂಡರು. ಆಗಲಾದರೂ ನಾನು ಹೇಳಬಹುದಿತ್ತು. ಕೆಳಗೆ ಇಳಿಯುವಾಗ ಹೇಳಬಹುದಿತ್ತು. ಬಸ್ಸಿನಲ್ಲಿ ಅವರು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು, ಎಬ್ಬಿಸಿ ಹೇಳಬಹುದಿತ್ತು.

ಸಂಜೆ ಮನೆಗೆ ಬಂದೆ. ನೀನು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದೆ, ಪಕ್ಕದ ಮನೆಯ ಮಹದೇವಮ್ಮ ನಿನ್ನ ತಲೆ ಬಾಚುತ್ತಿದ್ದರು. ಮೀಟಿಂಗು ಎಂಗಾಯ್ತು ಎಂದು ನೀನು ಕೇಳಿದೆ. ನಡೆಯಲಿಲ್ಲ ಎಂಬ ಒಂದು ಮಾತು ಸಾಕಿತ್ತು. ಆದರೆ ಹಾಗೆಂದರೆ ಇಷ್ಟು ಹೊತ್ತು ಎಲ್ಲಿದ್ದೆ ಎನ್ನುವೆಯಲ್ಲ. ಚೆನ್ನಾಗಿ ಆಯಿತು ಎಂದೆ. ಇನ್‌ಸ್ಪೆಕ್ಟರು ತಮಿಳು ಬೆರೆಸಿ ಮಾತಾಡಿದರು ಎಂದೆ. ನಮ್ಮ ಹುಡುಗಿಯರ ಹೊಲಿಗೆ ಕೆಲಸವನ್ನು ಹೊಗಳಿದರು ಎಂದೆ. “ಏನ್ ಕೊಟ್ರು ತಿನ್ನಾಕೆ?” ಎಂದು ನೀನು ಕೇಳಿದೆ. ಉಪ್ಪಿಟ್ಟು ಎಂದೆ. “ಗೋಡಂಬಿ ಆಕಿದ್ರಾ?” ಹಾಕಿದ್ದರು ಎಂದೆ. ನಾನು ಎಲ್ಲಿ ತಡವರಿಸುತ್ತೇನೋ ಅಲ್ಲಿ ನೀನೇ ಒಂದು ಪ್ರಶ್ನೆ ಕೇಳುತ್ತಿದ್ದೆ, ನಾನು ಅದನ್ನು ಹಿಡಿದುಕೊಂಡು ಮುಂದೆ ಹೋಗುತ್ತಿದ್ದೆ. ಕಾಯಿಯ ಹೋಳನ್ನು ಹನೂರಿನ ಗುಡಿಯ ಪ್ರಸಾದ ಎಂದು ಕೊಟ್ಟೆ. ನೀನು ಕಣ್ಣಿಗೊತ್ತಿಕೊಂಡು ತಿಂದೆ.

ಮಾರನೆಯ ದಿನ ಸೀರೆ ಒಗೆಯಲು ತೆಗೆದುಕೊಂಡಾಗ ಅದರಲ್ಲಿ ಒಂದೂ ಉತ್ತರಾಣಿ ಮುಳ್ಳು ಇರಲಿಲ್ಲ. ಗುಡ್ಡ ಇಳಿಯುವಾಗ ಅಂಚಿನಿಂದ ಮೊಣಕಾಲಿನ ತನಕ ಅಂಟಿಕೊಂಡಿದ್ದವು. ಬಸ್ಸಿನಲ್ಲೇ ಉದುರಿರಬೇಕು ಎಂದುಕೊಂಡೆ. ಉತ್ತರಾಣಿ ಉದುರುವ ಜಾತಿಯದಲ್ಲ ಎಂದು ನನ್ನಂಥವಳಿಗೂ ಗೊತ್ತು. ಆದರೂ ಹಾಗೆ ಅಂದುಕೊಂಡೆ, ಅನುಕೂಲವಾಗಿತ್ತು. ಹೋದ ವಾರ ನಿನಗೆ ಸುಣ್ಣ ತೆಗೆದುಕೊಡಲು ಎಲೆಯಡಿಕೆ ಪೆಟ್ಟಿಗೆ ತೆರೆದಾಗ ಅಡಿಯಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಒಂದು ಹಿಡಿ ಉತ್ತರಾಣಿ. ನಾನು ಸ್ನಾನಕ್ಕೆ ಹೋದಾಗ, ಮಂಚದ ಅಂಚಿಗೆ ಹಾಕಿದ್ದ ಸೀರೆಯನ್ನು ಎಳೆದುಕೊಂಡು, ಒಂದೇ ಕೈಯಲ್ಲಿ ಒಂದೊಂದೇ ಬಿಡಿಸಿದ್ದೀಯ. ಎಸೆಯೋಣವೆಂದರೆ ಎದ್ದು ಹೋಗಲಾರೆ. ಎಸೆಯಿರಿ ಎಂದು ಯಾರ ಕೈಗಾದರೂ ಕೊಟ್ಟರೆ ಅವರಿಗೆ ತಿಳಿಯುತ್ತದೆ. ಹನೂರಿನ ಶಾಲೆಯ ಅಂಗಳದಲ್ಲಿ ಯಾರಿಗೂ ಮೊಣಕಾಲಿನ ತನಕ ಉತ್ತರಾಣಿ ಹತ್ತುವುದಿಲ್ಲ. ನೀನು ಹುಡುಗಿಯಾಗಿದ್ದಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಯಳಂದೂರಿನ ಗುಡ್ಡಗಳಲ್ಲಿ ಸೌದೆ ಆಯ್ದವಳು. ಸೀರೆ ನೋಡಿದ ಕೂಡಲೇ ನಿನಗೆ ಅರ್ಥವಾಗಿತ್ತು. ಗೊತ್ತಿದ್ದೂ, ಆ ಸಂಜೆಯೂ ಆಮೇಲೂ, ಒಂದು ಮಾತು ಕೇಳಲಿಲ್ಲ. ಪೊಟ್ಟಣವನ್ನು ಇದ್ದ ಹಾಗೇ ಮಡಿಸಿ ಇಟ್ಟು ನಿನಗೆ ಸುಣ್ಣ ಕೊಟ್ಟೆ. ನೀನು ನನ್ನ ಮುಖ ನೋಡದೆ ಎಲೆಗೆ ಸುಣ್ಣ ಹಚ್ಚಿದೆ.

ನೀನು ಬೈದಿದ್ದರೆ ಚೆನ್ನಾಗಿತ್ತು.

ಬೆಟ್ಟ ಹತ್ತಿದ್ದು ನಿನಗೆ ತಿಳಿದಿತ್ತು. ಒಬ್ಬಳೇ ಎಂದದ್ದು ತಿಳಿದಿರಲಿಲ್ಲ. ಅದನ್ನು ಈಗ ಬರೆದಿದ್ದೇನೆ. ನಾಳೆ ಸೋಮಮ್ಮ ಕಡುಬು ತೆಗೆದುಕೊಂಡು ಬಂದಾಗ ನಾನು ಬಾಗಿಲಿಗೆ ಹೋಗುತ್ತೇನೆ. ಒಳಗೆ ಕರೆದುಕೊಂಡು ಬಂದು, ಇವಳು ನನ್ನ ಅಕ್ಕ ಶಿವರತ್ನಮ್ಮ, ನಾನು ಅವತ್ತು ಸುಳ್ಳು ಹೇಳಿದೆ, ಆ ಗಂಟು ಇವಳು ಹಾಕಿದ್ದು ಎನ್ನುತ್ತೇನೆ. ಅವರು ಮುಖ ತಿರುಗಿಸಿಕೊಂಡು ಹೋದರೂ ಹೋಗಬಹುದು. ಅವರಿಗೂ ನನ್ನಿಂದ ಮೋಸವಾಗಿದೆ. ನೀನು ಮುಖ ತಿರುಗಿಸಿದರೆ ಮಾತ್ರ ಏನು ಮಾಡಬೇಕೋ ತಿಳಿಯದು. ಹಾಗೆ ಮಾಡಲು ನಿನಗೆ ಹಕ್ಕಿದೆ.

ರಜದಲ್ಲಿ ಗಾಡಿ ಮಾಡಿಸುತ್ತೇನೆ ಎಂದು ಇಲ್ಲಿ ಬರೆಯಬೇಕೆನ್ನಿಸಿತು. ಬರೆದು ಹೊಡೆದುಹಾಕಿದ್ದೇನೆ, ಮೇಲೆ ನೀನೇ ನೋಡಬಹುದು. ತಪ್ಪಿಗೆ ಬೆಲೆ ಕಟ್ಟಿದ ಹಾಗೆ ಕಾಣುತ್ತದೆ. ಗಾಡಿ ಬಂದು ಬಾಗಿಲಲ್ಲಿ ನಿಂತ ದಿನ ನೀನೇ ನೋಡುವೆ.

ಈ ಕಾಗದವನ್ನು ನಿನ್ನ ದಿಂಬಿನ ಪಕ್ಕ ಬೋರಲು ಇಟ್ಟು, ಹಿತ್ತಲಿಗೆ ಹೋಗಿ ಕೂರುತ್ತೇನೆ. ಓದಿ ಆದ ಮೇಲೆ ಊಟಕ್ಕಲ್ಲದಿದ್ದರೆ ಕಾಫಿಗಾದರೂ ಕರಿ. ಕರೆದಾಗ ಆ ಹಾಡಿನ ಉಳಿದ ಅರ್ಧವನ್ನು ಹೇಳಿಕೊಡು. ಹೇಳಲು ಮನಸ್ಸಿಲ್ಲದಿದ್ದರೆ ಬೇಡ. ನಿನ್ನ ಬಲಗೈ ನೂರು ವರ್ಷ ಗಟ್ಟಿಯಾಗಿರಲಿ, ನಿನ್ನ ಹಲ್ಲು ಒಂದೂ ಅಲುಗದಿರಲಿ.

ನಿನ್ನ ಸೊಂಟದ ಮೇಲೆ ಬೆಳೆದ,
ನೀಲಿ

ಅಕ್ಕ, ಹೆಸರು ಬರೆದು ಮುಗಿಸಿದ್ದೆ. ಮಸಿ ಆರಲಿ ಎಂದು ಕಾಯುತ್ತಿದ್ದಾಗ ಬೀದಿ ಬಾಗಿಲು ಮೆಲ್ಲಗೆ ತಟ್ಟಿದ ಸದ್ದಾಯಿತು. ನೀನು ಏಳಲಿಲ್ಲ. ಹೋಗಿ ತೆರೆದೆ. ಮಹದೇವಮ್ಮ. ಒಳಗೆ ಬರಲಿಲ್ಲ. ನಿನ್ನ ಮಂಚದ ಕಡೆಗೊಮ್ಮೆ ಇಣುಕಿ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಹೇಳಿದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಕೆಳಗೆ ಬರೆಯುತ್ತೇನೆ.

“ಟೀಚರಮ್ಮ, ನಿಮ್ಮಕ್ಕ ಏಳ್ಬ್ಯಾಡ ಅಂತ ಆಣೆ ಆಕುಸ್ಕಂಡವ್ರೆ. ನನ್ನೊಟ್ಟೇಲಿ ನಿಲ್ತಾ ಇಲ್ಲ. ಮೊನ್ನೆ ನೀವು ಇಸ್ಕೂಲ್ಗೆ ಓಗಿದ್ದಾಗ ದೇವಾಂಗರ ಬೀದಿಯಿಂದ ಸೋಮಮ್ಮ ಅಂತ ಒಬ್ರು ಬಂದಿದ್ರು. ಸಾವ್ಕಾರ‍್ರ ಮನೆಗೆ ಸೀರೆ ಕೊಡಾಕೆ ಈ ಕಡೆ ಬಂದಿದ್ರಂತೆ, ಮನೆ ಗುರ್ತು ನೋಡ್ಕಂಡ್ ಓಗವ ಅಂತ ಬಂದ್ರು. ‘ಮೇಡಮ್ಮೋರು ಒಬ್ರೇ ಇರದು ಅಂದಿದ್ರಲ್ಲಾ, ನೀವ್ಯಾರು?’ ಅಂದ್ರು. ನಾನು ಬಾಯಿ ತೆಗ್ಯದ್ರೊಳ್ಗೇ ನಿಮ್ಮಕ್ಕ, ‘ನಾನು ಯಳಂದೂರ್ ಕಡೆ ನೆಂಟ್ರೋಳು ಕಣವ್ವ, ಔಸ್ದಿಗೆ ಅಂತ ಬಂದಿವ್ನಿ, ಅಮಾಸೆ ಒಳ್ಗೇ ಒಂಟೋಯ್ತೀನಿ’ ಅಂದ್ಬುಟ್ರು. ನಗ್ತಾ ನಗ್ತಾನೇ ಅಂದ್ರು. ಆವತ್ತಿಂದ ‘ಮಾದೇವಮ್ಮ, ಅಮಾಸೆ ದಿನ ಒಂದೊತ್ತು ನಿಮ್ಮನೆ ಜಗುಲೀಲಿ ನಂಗೆ ಜಾಗ ಕೊಡ್ತೀರಾ, ಎತ್ಕಂಡ್ ಓಗಾಕೆ ಇಬ್ರು ಬೇಕಾಯ್ತದೆ’ ಅಂತ ಕೇಳ್ತಾನೇ ಅವ್ರೆ. ನಾನೇನು, ಎತ್ಕಂಡ್ ಓಯ್ತೀನಿ. ಆದ್ರೆ ಯಾಕೆ ಟೀಚರಮ್ಮ, ಅವ್ರ ಮನೇಲಿ ಅವ್ರು ಇರ್ಬಾರ್ದಾ?”